ಯೂಟನ್ ಪ್ರಾಕ್ಟರನ ಮೂರು ಮಕ್ಕಳು

ಯೂಟನ್ ಪ್ರಾಕ್ಟರನಿಗೆ ಸಮುದ್ರದಾಚೆ ಸಾನ್ ಪೆದ್ರೋ ಊರಿನಲ್ಲಿ ಮೂವರು ಮಕ್ಕಳಿದ್ದಾರೆ ಎಂಬುದು ನಮ್ಮ ಸೇಂಟ್ ಓಸ್ವಿನ್ ದ್ವೀಪದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೀನು ಮಾರುವವರಿಗೆ ಗೊತ್ತಿತ್ತು, ಪಾದ್ರಿಗೆ ಗೊತ್ತಿತ್ತು, ಅವನ ಹೆಂಡತಿ ಜಿಲ್ಫಾಗಂತೂ ಬಾಯಿಪಾಠವಾಗಿತ್ತು. ಮೆಥಡಿಸ್ಟ್ ಚರ್ಚಿನ ಹೆಂಗಸರು ವರ್ಷಕ್ಕೊಮ್ಮೆ, ಈಸ್ಟರಿಗೆ ಮೊದಲು, ತಂದೆಯ ಮುಖ ಕಾಣದ ಆ ಮೂರು ಜೀವಗಳಿಗಾಗಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. ಆ ಮಕ್ಕಳಲ್ಲಿದ್ದ ಕೊರತೆ ಒಂದೇ. ಅವರು ಹುಟ್ಟಿರಲಿಲ್ಲ.

ನಡೆದದ್ದಿಷ್ಟು. ನಲವತ್ತೆರಡು ವರ್ಷದ ಹಿಂದೆ, ಇಪ್ಪತ್ತಮೂರರ ಹರೆಯದಲ್ಲಿ, ಯೂಟನ್ ‘ಲೇಡಿ ಇಯಾಂಥಾ’ ಎಂಬ ಹಾಯಿಹಡಗಿನಲ್ಲಿ ಅಡುಗೆಯವನ ಕೈಕೆಳಗೆ ಒಂದೇ ಒಂದು ಸಲ ಹೊರಟಿದ್ದ. ಇಲ್ಲಿಂದ ಉಪ್ಪು, ಆಡು, ಅಲ್ಲಿಂದ ಸಕ್ಕರೆ. ಹಡಗು ಸಾನ್ ಪೆದ್ರೋ ಬಂದರಿನಲ್ಲಿ ಹನ್ನೊಂದು ದಿನ ಲಂಗರು ಹಾಕಿತ್ತು. ಉಳಿದವರೆಲ್ಲ ಸಂಜೆಯಾದರೆ ಮುಖಕ್ಕೆ ಪೌಡರ್ ಬಳಿದು, ಇಸ್ತ್ರಿ ಅಂಗಿ ತೊಟ್ಟು ಊರಿಗಿಳಿಯುತ್ತಿದ್ದರು. ಯೂಟನ್ ಮಾತ್ರ ಹಡಗಿನ ತಳದಲ್ಲಿ, ಮಾರಾಟವಾಗದೆ ಉಳಿದ ಆಡುಗಳ ನಡುವೆ ಮಲಗಿ ವಾಂತಿ ಮಾಡಿಕೊಳ್ಳುತ್ತಿದ್ದ. ನಿಂತ ಹಡಗಿನಲ್ಲೂ ವಾಂತಿ ಮಾಡುವ ಮನುಷ್ಯನನ್ನು ತಾನು ಜನ್ಮದಲ್ಲಿ ನೋಡಿಲ್ಲ ಎಂದು ಕ್ಯಾಪ್ಟನ್ ಹೇಳಿದನಂತೆ. ಸಾನ್ ಪೆದ್ರೋ ಹೇಗಿದೆ ಎಂದು ನಮ್ಮ ನಾಯಕ ತಲೆಯೆತ್ತಿಯೂ ನೋಡಲಿಲ್ಲ.

ಊರಿಗೆ ಬಂದ ಮೇಲೆ ಕಷ್ಟ ಶುರುವಾಯಿತು. ಕ್ಷೌರಿಕ ಓರಿಸನ ಅಂಗಡಿಯ ಮುಂದೆ ಮರದ ನೆರಳಲ್ಲಿ ಗಂಡಸರು ಡಾಮಿನೋ ಆಡುತ್ತಿದ್ದರು, ಈಗಲೂ ಆಡುತ್ತಾರೆ. ಬಿಲ್ಲೆಯನ್ನು ಮೇಜಿಗೆ ಅಪ್ಪಳಿಸುವುದು, ಹೊರಗೆಲ್ಲೋ ಹುಟ್ಟಿಸಿ ಬಂದ ಮಕ್ಕಳ ಲೆಕ್ಕ ಒಪ್ಪಿಸುವುದು, ಮತ್ತೆ ಬಿಲ್ಲೆ ಅಪ್ಪಳಿಸುವುದು. ಓರಿಸನಿಗೆ ಏಳು. ಮೀನುಗಾರ ಕನ್ರಾಡನಿಗೆ ನಾಲ್ಕು. ಹೀಗೆ ಹೊರಗೊಂದು ಮಗುವೂ ಇಲ್ಲದ ಗಂಡಸನ್ನು ಕಂಡರೆ ‘ಪಾಪ, ಏನು ಕಾಯಿಲೆಯೋ’ ಎಂದು ಇವರೆಲ್ಲ ಮರುಗುತ್ತಿದ್ದರು. ಆ ಮರುಕ ತಡೆಯಲಾರದೆ ಒಂದು ದಿನ ಯೂಟನ್ ಡಬಲ್ ಆರನ್ನು ಮೇಜಿಗೆ ಬಡಿದು, “ನಂದೂ ಒಂದಿದೆ, ಸಾನ್ ಪೆದ್ರೋದಲ್ಲಿ” ಎಂದುಬಿಟ್ಟ. ಮೇಜು ಮೊದಲ ಬಾರಿಗೆ ಅವನ ಕಡೆ ಗೌರವದಿಂದ ತಿರುಗಿತು. ಮುಂದಿನ ವರ್ಷ ಎರಡಾಯಿತು. ಕನ್ರಾಡನಿಗೆ ನಾಲ್ಕನೆಯದು ಹುಟ್ಟಿದ ಸುದ್ದಿ ಬಂದ ದಿನ ಮೂರಾಯಿತು. ಮೊದಲನೆಯವನ ಹೆಸರು ರಮೋನ್, ಎರಡನೆಯವಳು ರೋಸಾ, ಮೂರನೆಯದರ ಹೆಸರು ಯೂಟನ್ನನಿಗೆ ನೆನಪು ನಿಲ್ಲುತ್ತಿರಲಿಲ್ಲ, ಆದ್ದರಿಂದ ಅದು ಕೆಲವು ವರ್ಷ ಗಂಡು, ಕೆಲವು ವರ್ಷ ಹೆಣ್ಣಾಗಿತ್ತು. ಇಷ್ಟು ವರ್ಷದಲ್ಲಿ ಯಾರೊಬ್ಬರೂ ಇದನ್ನು ಪ್ರಶ್ನಿಸಲಿಲ್ಲ. ಪ್ರಶ್ನಿಸಿದರೆ ತಮ್ಮ ಲೆಕ್ಕವನ್ನೂ ಕೇಳಿಯಾರೆಂಬ ಭಯ ಎಲ್ಲರಿಗೂ ಇತ್ತು.

ಹೀಗೆ ಸುಖವಾಗಿದ್ದ ಸುಳ್ಳಿನ ತಲೆಯ ಮೇಲೆ ಲಂಡನ್ನಿನವರು ಕಾನೂನು ತಂದು ಹಾಕಿದರು.

ನಮ್ಮನ್ನು ಆಳುವವರು ಲಂಡನ್ನಿನಲ್ಲಿದ್ದಾರೆ. ನಮ್ಮ ಪೌರತ್ವ ಎಂಥದ್ದು ಎಂದು ತೀರ್ಮಾನ ಮಾಡುವವರು ಅವರು. ಆ ಪೌರತ್ವ ಹಿಡಿದು ಈ ಬಂಡೆಯ ಮೇಲೆ ಯಾರು ನಿಲ್ಲಬಹುದು, ಯಾರು ದೋಣಿ ಹತ್ತಬೇಕು ಎಂದು ತೀರ್ಮಾನ ಮಾಡುವವರು ನಮ್ಮವರು. ಇಲ್ಲಿ ಉಳಿಯುವ ಹಕ್ಕಿದ್ದವರಿಗೆ ‘ನೆಲದವರು’ ಎಂದು ಹೆಸರು. ಅವರಿಗೆ ಕೆಲಸದ ಪರವಾನಗಿ ಬೇಡ, ಭೂಮಿ ಕೊಳ್ಳಲು ಅಪ್ಪಣೆ ಬೇಡ. ಮಿಕ್ಕವರು ವರ್ಷವರ್ಷ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಇಷ್ಟು ದಿನ ತಾಯಿಯನ್ನು ಮದುವೆಯಾಗದ ತಂದೆಗೆ ಪರವೂರಿನಲ್ಲಿ ಹುಟ್ಟಿದ ಮಗುವಿಗೆ ತಂದೆಯ ಕಡೆಯಿಂದ ಏನೂ ಬರುತ್ತಿರಲಿಲ್ಲ. ಇನ್ನು ಮುಂದೆ ಬರುತ್ತದೆ ಎಂದು ಲಂಡನ್ ಹೇಳಿತು. ಲಂಡನ್ ಒಂದು ಬಾಗಿಲು ತೆರೆದದ್ದೇ ತಡ, ನಮ್ಮ ಸರ್ಕಾರ ಓಡಿಹೋಗಿ ಇನ್ನೊಂದು ಬಾಗಿಲಿಗೆ ಚಿಲಕ ಹಾಕಿತು.

ವಲಸೆ ಕಚೇರಿಯ ಮಿಸ್ ಡೆಲ್ಸಿಟಾ ಮಧ್ಯಾಹ್ನ ರೇಡಿಯೋದಲ್ಲಿ ಅದನ್ನು ಓದಿದಳು. “ಎಲ್ಲರಿಗೂ ಗುಡ್ ಆಫ್ಟರ್‌ನೂನ್. ತಾಯಿಯನ್ನು ವಿವಾಹವಾಗದ ತಂದೆಗೆ ಪರಸ್ಥಳದಲ್ಲಿ ಜನಿಸಿದ ಸಂತಾನವು, ಸದರಿ ತಂದೆಯು ಮಂಡಳಿಯ ಮುಂದೆ ಖುದ್ದು ಹಾಜರಾಗಿ ಒಪ್ಪಿಕೊಂಡಲ್ಲಿ, ಹಾಗೂ ಸದರಿ ಪಿತೃತ್ವವು ಊರಿಗೆಲ್ಲ ತಿಳಿದ ಮಾತೆಂದು ಇಬ್ಬರು ನೆರೆಯವರು ಬೈಬಲ್ ಮುಟ್ಟಿ ಹೇಳಿದಲ್ಲಿ, ನೆಲದವರಾಗಲು ಅರ್ಹವಾಗಿರುತ್ತದೆ. ಹತ್ತು ವರ್ಷ ಮೀರಿ ಪರವಾನಗಿಯ ಮೇಲೆ ಇರುವ ಹೊರಗಿನವರ ಪರವಾನಗಿಯನ್ನು ಇನ್ನು ನವೀಕರಿಸಲಾಗದು. ಅವರು ಮೂವತ್ತು ದಿನಗಳೊಳಗೆ ನೆಲದವರಾಗತಕ್ಕದ್ದು, ಇಲ್ಲವೇ ದೋಣಿ ಹತ್ತತಕ್ಕದ್ದು. ಈಗ ಸತ್ತವರ ಸುದ್ದಿ.”

ರಕ್ತಪರೀಕ್ಷೆ ಯಾಕಿಲ್ಲ ಎಂದು ನೀವು ಕೇಳಬಹುದು. ನಮ್ಮ ಆಸ್ಪತ್ರೆಯಲ್ಲಿರುವ ಯಂತ್ರ ತೂಕದ್ದೊಂದೇ, ಅದೂ ಎಲ್ಲರಿಗೂ ಒಂದೇ ತೂಕ ತೋರಿಸುತ್ತದೆ. ಆದ್ದರಿಂದ ಸರ್ಕಾರ ಊರಮಾತನ್ನೇ ಪ್ರಮಾಣ ಎಂದು ಹಿಡಿಯಿತು.

ಡಾಮಿನೋ ಮೇಜಿನ ಮೇಲೆ ರೇಡಿಯೋ ಮುಗಿದಾಗ ಒಂದು ಬಿಲ್ಲೆಯೂ ಅಲುಗಲಿಲ್ಲ. ನಮ್ಮಲ್ಲಿ ಮನೆತನದ ಭೂಮಿಯನ್ನು ಪಾಲು ಮಾಡುವುದಿಲ್ಲ. ಒಪ್ಪಿಕೊಂಡ ಮಕ್ಕಳಿಗೆಲ್ಲ ಅದರಲ್ಲಿ ಸಮಪಾಲು. ಕೆಲವರು ಆಗಲೇ ಮನಸ್ಸಿನಲ್ಲಿ ತಮ್ಮ ಜಾಗಕ್ಕೆ ಬೇಲಿ ಹಾಕತೊಡಗಿದ್ದರು.

“ನಿಂಗೆ ಏಳಲ್ವೇನೋ, ಓರಿಸ್?” ಎಂದ ಕನ್ರಾಡ್.

“ಏಳಾ? ಯಾವ ಏಳು?” ಓರಿಸ್ ಕತ್ತರಿಯನ್ನು ಎದೆಗವಚಿಕೊಂಡ. “ನಾನು ಹೇಳಿದ್ದು ಆಡು! ಏಳು ಆಡು! ನಿಂಗೇ ನಾಲ್ಕಿತ್ತು ಕುರಸಾವ್‌ನಲ್ಲಿ.”

“ನಾನು ಕುರಸಾವ್‌ಗೆ ಹೋಗಿದ್ದು ಹಲ್ಲು ಕೀಳಿಸೋಕೆ. ನಾಲ್ಕು ಹಲ್ಲು ಕಿತ್ತರು. ನೋಡ್ತೀಯಾ?” ಎಂದು ಕನ್ರಾಡ್ ಬಾಯಿ ತೆರೆದೇ ಬಿಟ್ಟ.

ಹೀಗೆ ಅರ್ಧ ಗಂಟೆಯಲ್ಲಿ ನಮ್ಮ ಹಳ್ಳಿಯ ಗಂಡಸರು ಹತ್ತೊಂಬತ್ತು ಮಕ್ಕಳನ್ನು ಭೂಮಿಯ ಮೇಲಿಂದ ಅಳಿಸಿಹಾಕಿದರು. ಯೂಟನ್ನನಿಗೆ ಯಾವತ್ತೂ ಬುದ್ಧಿ ಒಂದು ಸುತ್ತು ತಡ. ತನ್ನ ಕೈಯಲ್ಲಿದ್ದ ಐದು-ಮೂರನ್ನು ಎಲ್ಲಿ ಹಾಕಲಿ ಎಂದು ಯೋಚಿಸುತ್ತಿದ್ದವನು, ತನ್ನ ಸರದಿ ಬಂತೆಂದು ತಿಳಿದು, ಬಿಲ್ಲೆಯನ್ನು ಟಪ್ಪೆಂದು ಬಡಿದು ಅಭ್ಯಾಸಬಲದಿಂದ ಹೇಳಿದ: “ನಂದು ಮೂರು.”

“ಭೇಷ್!” ಎಂದ ಓರಿಸ್. “ಗಂಡಸು ಅಂದ್ರೆ ಇವನು ಕಣ್ರಯ್ಯಾ. ಇವನಿಗೆ ನಾನೇ ಸಾಕ್ಷಿ!”

ಮರುದಿನ ಬೆಳಿಗ್ಗೆ ಯೂಟನ್ ಜಗುಲಿಯಲ್ಲಿ ಎಲೆ ಚಹಾ ಕುಡಿಯುತ್ತಿದ್ದಾಗ ಯೋಕಾಸ್ತಾ ಪೋಲಾಂಕೋ ಬಂದಳು. ದೋಣಿಕಟ್ಟೆಯ ಹತ್ತಿರ ಕರಿದ ರೊಟ್ಟಿ, ಉಪ್ಪುಮೀನು ಮಾರುವವಳು, ನಲವತ್ತೊಂದರ ಗಟ್ಟಿ ಹೆಂಗಸು, ಸಾನ್ ಪೆದ್ರೋದವಳು. ಹನ್ನೆರಡು ವರ್ಷದಿಂದ ಇಲ್ಲಿದ್ದಾಳೆ. ಹತ್ತು ವರ್ಷದ ಮಗಳು ಇಲ್ಲೇ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಓದಿ, ಇಲ್ಲಿನ ಮಕ್ಕಳ ಹಾಗೇ ಗಣಿತದಲ್ಲಿ ಸೊನ್ನೆ ತರುತ್ತಾಳೆ. ಆದರೂ ಇಬ್ಬರೂ ಹೊರಗಿನವರು.

“ಗುಡ್ ಮಾರ್ನಿಂಗ್, ಮಿಸ್ಟರ್ ಯೂಟನ್.”

“ಗುಡ್ ಮಾರ್ನಿಂಗ್, ಗುಡ್ ಮಾರ್ನಿಂಗ್. ರೊಟ್ಟಿ ತಂದ್ಯಾ?”

“ಫಾರಂ ತಂದಿದ್ದೀನಿ.” ಅವಳು ಕುರ್ಚಿ ಎಳೆದು ಕೂತಳು. “ನೇರವಾಗಿ ಹೇಳ್ತೀನಿ. ಇನ್ನು ಇಪ್ಪತ್ತೊಂಬತ್ತು ದಿನಕ್ಕೆ ನನ್ನನ್ನೂ ನನ್ನ ಮಗಳನ್ನೂ ದೋಣಿ ಹತ್ತಿಸ್ತಾರೆ. ನೀವು ನನ್ನ ಅಪ್ಪ ಅಂತ ಮಂಡಳಿ ಮುಂದೆ ಹೇಳಬೇಕು.”

ಯೂಟನ್ನನ ಚಹಾ ಮೂಗಿನಿಂದ ಹೊರಬಂತು. “ನಾನಾ? ನಿನಗಾ? ಅಲ್ಲಮ್ಮಾ, ನಾನು... ಹಾಗಲ್ಲ ಅದು...”

“ನೀವಲ್ಲ ಅಂತ ನಂಗೆ ಗೊತ್ತು. ನನ್ನ ಅಪ್ಪ ಯಾರು ಅಂತ ಅಮ್ಮ ಸಾಯೋವಾಗ ಹೇಳಿದಳು. ಕ್ಯಾಲೆಬ್ ರೋಮ್ನಿ.”

ಈ ಹೆಸರು ಕೇಳಿ ಯೂಟನ್ ಬೀದಿಯ ಎರಡೂ ಕಡೆ ನೋಡಿದ. ಬ್ರದರ್ ಕ್ಯಾಲೆಬ್ ರೋಮ್ನಿ ನಮ್ಮ ಚರ್ಚಿನ ಹಿರಿಯ, ಗಾನವೃಂದದ ತಗ್ಗುದನಿ, ಮದ್ಯ ವಿರೋಧಿ ಸಂಘದ ಮುಖ್ಯಸ್ಥ. ಯಾರು ನೆಲದವರು, ಯಾರು ಅಲ್ಲ ಎಂದು ತೀರ್ಪು ಕೊಡುವ ಮಂಡಳಿಗೂ ಅವನೇ ಅಧ್ಯಕ್ಷ. ಸೇಂಟ್ ಓಸ್ವಿನ್ ದ್ವೀಪದಲ್ಲಿ ಪಾಪದ ವಿರುದ್ಧ ಇಷ್ಟು ಜೋರಾಗಿ ಮಾತಾಡುವವರು ಮತ್ತೊಬ್ಬರಿಲ್ಲ.

“ಹನ್ನೆರಡು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೂ ಕೇಕ್ ತಗೊಂಡು ಅವರ ಮನೆಗೆ ಹೋಗಿದ್ದೀನಿ,” ಎಂದಳು ಯೋಕಾಸ್ತಾ. “ದುಡ್ಡು ಕೇಳಲಿಲ್ಲ. ಮನೆ ಕೇಳಲಿಲ್ಲ. ಒಂದು ಕಾಗದದ ಮೇಲೆ ಒಂದು ಸಹಿ. ಪ್ರತಿ ವರ್ಷವೂ ಒಂದೇ ಉತ್ತರ: ‘ನಾನು ಸಾನ್ ಪೆದ್ರೋಗೆ ಕಾಲಿಟ್ಟವನೇ ಅಲ್ಲ ತಂಗಿ, ದೇವರು ನಿನಗೆ ದಾರಿ ತೋರಿಸಲಿ.’”

“ಕೇಕು?”

“ಕೇಕು ಇಟ್ಟುಕೊಳ್ತಿದ್ದರು.”

“ಕಾಲಿಟ್ಟವನೇ ಅಲ್ವಂತಾ?” ಯೂಟನ್ನನಿಗೆ ರೋಷ ಬಂತು. “ಅವನು ಆ ಹಡಗಿನಲ್ಲಿ ಕ್ಯಾಪ್ಟನ್ ಕೈಕೆಳಗಿನ ಮೇಟ್ ಆಗಿದ್ದ! ಹನ್ನೊಂದು ಸಂಜೆ ನನ್ನ ಬಿಳಿ ಅಂಗೀನೇ ಹಾಕ್ಕೊಂಡು ಊರಿಗೆ ಹೋದ! ಕಾಲರಿಗೆ ಎಣ್ಣೆ ಮೆತ್ತಿಸಿ ವಾಪಸ್ ಕೊಟ್ಟ, ಕಳ್ಳ ನನ್ಮಗ!”

“ಇದನ್ನ ಮಂಡಳಿ ಮುಂದೆ ಹೇಳ್ತೀರಾ?”

ಯೂಟನ್ ಚಹಾದ ಬಟ್ಟಲು ಕೆಳಗಿಟ್ಟ. “ಹೇಳಿದರೆ... ಆ ಹನ್ನೊಂದು ಸಂಜೆ ನಾನೆಲ್ಲಿದ್ದೆ ಅಂತ ಕೇಳ್ತಾರಲ್ಲ.”

“ಎಲ್ಲಿದ್ದಿರಿ?”

“ಆಡುಗಳ ಜೊತೆ,” ಎಂದ.

ಯೋಕಾಸ್ತಾ ನಗಲಿಲ್ಲ. ಅದಕ್ಕಾಗಿಯೇ ಅವಳನ್ನು ಮೆಚ್ಚಬೇಕು. “ಹಾಗಾದರೆ ಸತ್ಯದ ತಂಟೆ ನಮಗಿಬ್ಬರಿಗೂ ಬೇಡ,” ಎಂದಳು. “ನೀವು ಹೊಸ ಸುಳ್ಳು ಹೇಳಬೇಕಾಗಿಲ್ಲ, ಮಿಸ್ಟರ್ ಯೂಟನ್. ನಲವತ್ತೆರಡು ವರ್ಷದಿಂದ ಹೇಳ್ತಿರೋದನ್ನೇ ಇನ್ನೊಂದು ಸಲ, ಕುರ್ಚಿ ಮೇಲೆ ಕೂತು ಹೇಳಿ. ನನ್ನ ಊರಿನಲ್ಲಿ ಮಗು ಇದೆ ಅಂತ ಬಾಯಿಬಿಟ್ಟು ಹೇಳೋ ಗಂಡಸು ಈ ದ್ವೀಪದಲ್ಲಿ ನೀವೊಬ್ಬರೇ ಉಳಿದಿರೋದು.”

ಅವಳು ಫಾರಂ ಇಟ್ಟು ಹೋದಳು. ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡ ಜಿಲ್ಫಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ಯೂಟನ್ ಎದ್ದು ನಿಂತು ಕೈ ಮುಗಿಯುವುದೊಂದು ಬಾಕಿ. “ಜಿಲ್ಫಾ, ಕೇಳು. ಇವತ್ತು ನಿನಗೆ ನಿಜ ಹೇಳಿಬಿಡ್ತೀನಿ. ನನಗೆ ಆ ಊರಲ್ಲಿ ಯಾರೂ ಇಲ್ಲ. ಒಂದೂ ಇಲ್ಲ. ನಾನು ಹಡಗಿನಿಂದ ಇಳಿಯಲೇ ಇಲ್ಲ. ನಿನಗೆ ದ್ರೋಹ ಮಾಡಿಲ್ಲ ನಾನು!”

ಬೇರೆ ಯಾವ ಹೆಂಡತಿಯಾದರೂ ಇದನ್ನು ಕೇಳಿ ಸಂತೋಷಪಡುತ್ತಿದ್ದಳು. ಜಿಲ್ಫಾಳ ಮುಖ ಕೆಂಡವಾಯಿತು.

“ಏನಂದೆ, ಪ್ರಾಕ್ಟರ್?”

“ದ್ರೋಹ ಮಾಡಿಲ್ಲ ಅಂದೆ.”

“ನಲವತ್ತೆರಡು ವರ್ಷ ನಿನ್ನನ್ನ ಕ್ಷಮಿಸಿದ್ದೀನಿ ನಾನು!” ಸೌಟು ಅವನ ಮೂಗಿನ ಮುಂದೆ ಕುಣಿಯಿತು. “ಪ್ರತಿ ಭಾನುವಾರ! ಎದ್ದು ನಿಂತು, ಎಲ್ಲರೆದುರಿಗೆ, ಗಟ್ಟಿಯಾಗಿ ಕ್ಷಮಿಸಿದ್ದೀನಿ! ಚರ್ಚಲ್ಲಿ ನನಗೆ ಮುಂದಿನ ಬೆಂಚು ಕೊಟ್ಟಿರೋದು ಯಾಕೆ? ಮದುವೆ ಆಗೋ ಹುಡುಗಿಯರನ್ನ ಪಾದ್ರಿ ನನ್ನ ಹತ್ರ ಬುದ್ಧಿ ಕೇಳೋಕೆ ಕಳಿಸೋದು ಯಾಕೆ? ‘ಜಿಲ್ಫಾ ನೋಡಿ ಕಲೀರಿ, ಎಂಥ ತಾಳ್ಮೆ’ ಅಂತ! ಈಗ ಬಂದು ಏನೂ ಮಾಡಿಲ್ಲ ಅಂತೀಯಾ? ಹಾಗಾದರೆ ನಾನು ಕ್ಷಮಿಸಿದ್ದೆಲ್ಲ ಏನಾಗಬೇಕು?”

“ನಾನೇನು ಮಾಡ್ಲಿ ಈಗ?”

“ಏನು ಮಾಡೋದು ಅಂದರೆ? ಗಂಡಸಿನ ಹಾಗೆ ಹೋಗಿ ನಿನ್ನ ಪಾಪ ಒಪ್ಪಿಕೋ!” ಎಂದು ಜಿಲ್ಫಾ ಒಳಗೆ ಹೋದಳು. ಒಂದು ಗಳಿಗೆ ಬಿಟ್ಟು ಮತ್ತೆ ತಲೆ ಹೊರಗೆ ಹಾಕಿದಳು. ಈ ಸಲ ದನಿ ತಗ್ಗಿತ್ತು. “ಆ ಹುಡುಗಿಗೆ ಅನ್ಯಾಯ ಆಗ್ತಿದೆ, ಯೂಟನ್. ಆ ಕೇಕ್ ತಿಂದವನನ್ನ ಮುಂದಿನ ಭಾನುವಾರ ಹೇಗೆ ನೋಡ್ಲಿ ನಾನು?”

ಮೂರೇ ದಿನದಲ್ಲಿ ಸುದ್ದಿ ದ್ವೀಪದ ಎರಡೂ ತುದಿ ಮುಟ್ಟಿತು. ಹೆಂಗಸರು ಜಿಲ್ಫಾಗೆ ಆಡಿನ ಸಾರು ತಂದುಕೊಟ್ಟರು. ಶಾಲೆಯ ಮೇಷ್ಟರು ಯೋಕಾಸ್ತಾಳ ಮೂಗು ಯೂಟನ್ನನ ಮೂಗೇ ಎಂದು ಕಂಡುಹಿಡಿದರು. ಹಾಗೆ ನೋಡಿದರೆ ಕಿವಿಯೂ ಅವನದೇ ಎಂದ ಅಂಚೆ ಕಚೇರಿಯವನು. ಇಷ್ಟು ದಿನ ರೊಟ್ಟಿ ಕೊಂಡವರಿಗೆ ಕಾಣದಿದ್ದದ್ದು ಈಗ ಕಂಡಿತು, ಯಾಕೆಂದರೆ ಈಗ ನೋಡಲು ಸರ್ಕಾರ ಹೇಳಿದೆ.

ನಾಲ್ಕನೆಯ ದಿನ ಫೌಸ್ತೀನೋ ಎಂಬ ಗಾರೆ ಕೆಲಸದವನು ಬಂದ. ಹದಿನೈದು ವರ್ಷದಿಂದ ಇಲ್ಲಿ ಗೋಡೆ ಕಟ್ಟುತ್ತಿದ್ದಾನೆ, ಅವನ ಪರವಾನಗಿಯೂ ಹೋಗಿತ್ತು. ಟೋಪಿ ತೆಗೆದು, ತುಂಬ ಮರ್ಯಾದೆಯಿಂದ, “ಅಪ್ಪಾ” ಎಂದ.

“ನಿನಗೆ ವಯಸ್ಸೆಷ್ಟಯ್ಯಾ?” ಎಂದ ಯೂಟನ್.

“ಅರವತ್ತೇಳು.”

“ನನಗೆ ಅರವತ್ತೈದು!”

“ಇರಲಿ ಅಪ್ಪಾ, ನನಗೇನೂ ಬೇಜಾರಿಲ್ಲ.”

ಯೂಟನ್ ಫಾರಂ ಹಿಡಿದು ಮಿಸ್ ಡೆಲ್ಸಿಟಾಳ ಹತ್ತಿರ ಓಡಿದ. ಮಗ ಅಪ್ಪನಿಗಿಂತ ಎರಡು ವರ್ಷ ದೊಡ್ಡವನಾದರೆ ಆಗುತ್ತದೆಯೇ ಎಂದು ಕೇಳಿದ. ಅವಳು ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಮಿಸ್ಟರ್ ಪ್ರಾಕ್ಟರ್, ತಂದೆಯ ವಯಸ್ಸಿಗೆ ಇದರಲ್ಲಿ ಕಾಲಂ ಇಲ್ಲ. ಕಾಲಂ ಇಲ್ಲದ ಆಕ್ಷೇಪಣೆ ತಗೊಳ್ಳೋಕೆ ಬರಲ್ಲ. ಊರಮಾತಿನ ಪ್ರಕಾರ ನಿಮಗೆ ಮೂರು ಮಕ್ಕಳು. ಈಗ ಎರಡು ಬಂದಿವೆ. ಇನ್ನೊಂದು ಎಲ್ಲಿ?”

“ಇನ್ನೊಂದು ಇಲ್ಲ!”

“ತೀರಿಕೊಂಡಿತಾ? ಛೆ, ಛೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ,” ಎಂದು ಅವಳು ಬರೆದುಕೊಂಡಳು. ಆ ಭಾನುವಾರ ಚರ್ಚಿನಲ್ಲಿ ಯೂಟನ್ನನ ಮೂರನೆಯ ಮಗುವಿನ ಆತ್ಮಶಾಂತಿಗಾಗಿ ಹಾಡು ಹೇಳಿದರು. ಅವನಿಗೂ ಕಣ್ಣೀರು ಬಂತು.

ಮಂಡಳಿ ಕೂತದ್ದು ಗಡುವಿಗೆ ಎರಡು ದಿನವಿದ್ದಾಗ, ಕೋರ್ಟಿನ ಹಳೇ ಕಟ್ಟಡದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಒಂಬತ್ತಕ್ಕೇ ಜನ ಕಿಟಕಿಗಳಲ್ಲಿ ತುಂಬಿದ್ದರು. ಯೋಕಾಸ್ತಾ ಇಸ್ತ್ರಿ ಮಾಡಿದ ಹಸಿರು ಲಂಗ ಉಟ್ಟು ಮುಂದೆ ಕೂತಿದ್ದಳು. ಮನೆಯಲ್ಲಿ ಪೆಟ್ಟಿಗೆ ಕಟ್ಟಿಟ್ಟು ಬಂದಿದ್ದಳು. ಮೇಜಿನಾಚೆ ಮೂವರು. ನಡುವೆ ಕಪ್ಪು ಕೋಟಿನಲ್ಲಿ ಬ್ರದರ್ ರೋಮ್ನಿ. ಇತ್ತಲಾಗಿನ ಸದಸ್ಯ ಅವನ ಷಡ್ಡಕ, ಅತ್ತಲಾಗಿನ ಸದಸ್ಯ ನಿದ್ದೆಯಲ್ಲಿ.

ಮೊದಲು ಫೌಸ್ತೀನೋನ ಸರದಿ. ಆತ ಹೆದರಿಕೆಯಲ್ಲಿ ನೇರವಾಗಿ, “ನಾನು ಇವರ ಮಗ” ಎಂದುಬಿಟ್ಟ. ಸಭೆಯಲ್ಲಿ ಗುಸುಗುಸು ಎದ್ದಿತು. ಬ್ರದರ್ ರೋಮ್ನಿ ಪೆನ್ನು ಕೆಳಗಿಟ್ಟ.

“ಗುಡ್ ಮಾರ್ನಿಂಗ್ ಹೇಳದೆ ಮಾತು ಶುರು ಮಾಡಿದಿರಿ. ನಮ್ಮ ನೆಲದ ರಕ್ತ ಇರೋ ಯಾವ ಮನುಷ್ಯನೂ ಹಾಗೆ ಮಾಡಲ್ಲ. ಅರ್ಜಿ ವಜಾ.”

ಕಿಟಕಿಯಲ್ಲಿದ್ದವರು ತಲೆದೂಗಿದರು. ವಯಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಹದಿನೈದು ವರ್ಷ ಇವರ ಗೋಡೆ ಕಟ್ಟಿದ ಮುದುಕ ಟೋಪಿ ಹಾಕಿಕೊಂಡು ಹೊರಗೆ ಹೋದ. ಈ ಕೋರ್ಟಿನ ಗೋಡೆಯೂ ಅವನು ಗಿಲಾವು ಮಾಡಿದ್ದೇ.

ಯೋಕಾಸ್ತಾ ಎದ್ದಳು. ಮೂರು ಜನರಿಗೂ ಬೇರೆ ಬೇರೆಯಾಗಿ ಗುಡ್ ಮಾರ್ನಿಂಗ್ ಹೇಳಿದಳು, ಮಲಗಿದವನಿಗೂ. ಬ್ರದರ್ ರೋಮ್ನಿ ಅವಳ ಕಡೆ ನೋಡದೆ ಕಾಗದ ನೋಡಿದ. ಇವಳು ಶನಿವಾರದ ದೋಣಿ ಹತ್ತಿದರೆ ಇನ್ನು ಕ್ರಿಸ್‌ಮಸ್ ನೆಮ್ಮದಿಯಾಗಿ ಕಳೆಯುತ್ತದೆ ಎಂಬುದು ಅವನ ಕೋಟಿನ ಗುಂಡಿಯಲ್ಲೂ ಕಾಣುತ್ತಿತ್ತು.

ಸಾಕ್ಷಿಗಳೇನೋ ಅದ್ಭುತವಾಗಿ ಹೇಳಿದರು. ತನ್ನ ಏಳನ್ನು ಆಡು ಮಾಡಿದ ಓರಿಸ್, ಬೈಬಲ್ ಮೇಲೆ ಕೈಯಿಟ್ಟು ಯೂಟನ್ನನ ಮೂರನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸಿದ. ಆಮೇಲೆ ಜಿಲ್ಫಾ ಬಂದಳು.

“ಹೆಂಡತಿಯ ಸಾಕ್ಷಿ ನಡೆಯುತ್ತಾ?” ಎಂದ ಷಡ್ಡಕ.

“ನಡೀದೇ ಏನು?” ಎಂದಳು ಜಿಲ್ಫಾ. “ನಲವತ್ತೆರಡು ವರ್ಷ ಇವನನ್ನ ಕ್ಷಮಿಸಿದ್ದೀನಿ. ಬ್ರದರ್ ರೋಮ್ನಿಯವರೇ ನಾಲ್ಕು ಸಲ ಆ ಕ್ಷಮೆಯ ಮೇಲೆ ಉಪದೇಶ ಮಾಡಿದ್ದಾರೆ. ಮಾಡದ ತಪ್ಪನ್ನ ಕ್ಷಮಿಸೋಕೆ ನನಗೇನು ತಲೆ ಕೆಟ್ಟಿದೆಯಾ? ಇಲ್ಲಾ, ತಪ್ಪೇ ಇಲ್ಲದೆ ಉಪದೇಶ ಮಾಡೋಕೆ ಬ್ರದರ್‌ಗೆ ತಲೆ ಕೆಟ್ಟಿತ್ತಾ?”

ಷಡ್ಡಕ ಆ ಸಾಕ್ಷಿಯನ್ನು ಬರೆದುಕೊಂಡ. ಆದರೆ ಬ್ರದರ್ ರೋಮ್ನಿ ಸುಲಭಕ್ಕೆ ಬಿಡುವ ಪೈಕಿಯಲ್ಲ. ಯೂಟನ್ನನನ್ನು ಕುರ್ಚಿಯಲ್ಲಿ ಕೂರಿಸಿ, ಬೆರಳುಗಳನ್ನು ಒಂದಕ್ಕೊಂದು ಹೆಣೆದ.

“ಮಿಸ್ಟರ್ ಪ್ರಾಕ್ಟರ್. ಈ ಹೆಂಗಸಿನ ತಾಯಿಯ ಮನೆಗೆ ನೀವು ಹೋಗ್ತಿದ್ದಿರಿ ಅಂತೀರಿ.”

“ಹೋಗ್ತಿದ್ದೆ.” ಯೂಟನ್ನನ ಕಾಲರು ಒದ್ದೆಯಾಗಿತ್ತು.

“ಹಾಗಾದರೆ ಬಂದರಿನಿಂದ ಆ ಮನೆಗೆ ದಾರಿ ಹೇಳಿ.”

ಯೋಕಾಸ್ತಾ ಕಣ್ಣು ಮುಚ್ಚಿಕೊಂಡಳು. ಯೂಟನ್ನನಿಗೆ ಜೀವನದಲ್ಲಿ ಗೊತ್ತಿದ್ದ ದಾರಿ ಒಂದೇ, ಅದನ್ನೇ ಹೇಳತೊಡಗಿದ. “ಬಂದರಿಂದ... ಹೀಗೆ ಮೇಲೆ ಬರಬೇಕು. ಬಂದರೆ ಬಲಗಡೆ ಮೆಥಡಿಸ್ಟ್ ಚರ್ಚು. ಅದರ ಪಕ್ಕ ನೀರಿನ ತೊಟ್ಟಿ. ಎಡಕ್ಕೆ ತಿರುಗಿದರೆ ಓರಿಸ್ ಅಂಗಡಿ...”

ಕಿಟಕಿಗಳು ಗೊಳ್ಳೆಂದವು. “ಲೋ, ನನ್ನ ಅಂಗಡಿ ಯಾವಾಗ ಅಲ್ಲಿಗೆ ಹೋಯ್ತೋ!” ಎಂದು ಓರಿಸ್ ಕೂಗಿದ.

“ಓರಿಸ್ ಥರದ್ದೇ ಅಂಗಡಿ ಅಂದೆ,” ಎಂದ ಯೂಟನ್. “ಅಲ್ಲಿಂದ ಎಡಕ್ಕೆ, ಗುಡ್ಡ ಹತ್ತಿ...”

“ಗುಡ್ಡ!” ಬ್ರದರ್ ರೋಮ್ನಿ ಮೇಜು ಗುದ್ದಿದ. ಸುಳ್ಳನ್ನು ಕಂಡರೆ ಆತನಿಗೆ ತಡೆಯಲಾಗುತ್ತಿರಲಿಲ್ಲ, ಅದರಲ್ಲೂ ಬೇರೆಯವರ ಸುಳ್ಳು. “ನೋಡಿ ಮಹಾಜನರೇ, ಎಂಥ ಹಸಿ ಸುಳ್ಳು! ಅಲ್ಲಿ ಗುಡ್ಡ ಎಲ್ಲಿದೆಯಯ್ಯಾ? ಬಂದರಿಂದ ಮೇಲೆ ಬಂದರೆ ಮೊದಲು ಸಿಗೋದು ಐಸ್ ಕಾರ್ಖಾನೆ! ಅದರ ಹಿಂದೆ ಮರದ ಸೇತುವೆ. ಸೇತುವೆ ದಾಟಿದರೆ ಮೂರನೇ ಮನೆ. ನೀಲಿ ಬಾಗಿಲು, ಬಾಗಿಲ ಮೇಲೆ ಲಾಳ, ಒಳಗೆ ಹೋಗುವಾಗ ತಲೆ ತಗ್ಗಿಸಬೇಕು, ಇಲ್ಲದಿದ್ದರೆ...”

ಆತನ ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು. ಅಲ್ಲೇ ನಿಂತಿತು.

ಕೋರ್ಟಿನಲ್ಲಿ ಆಗ ಎಷ್ಟು ನಿಶ್ಶಬ್ದವಾಯಿತೆಂದರೆ ಮಲಗಿದ್ದ ಸದಸ್ಯನಿಗೆ ಎಚ್ಚರವಾಯಿತು. ಯೋಕಾಸ್ತಾ ಕಣ್ಣು ತೆರೆದಿದ್ದಳು. ಆ ನೀಲಿ ಬಾಗಿಲಿನ ಹಿಂದೆ ಅವಳು ಇಪ್ಪತ್ತೊಂಬತ್ತು ವರ್ಷ ಇದ್ದವಳು.

ಮಿಸ್ ಡೆಲ್ಸಿಟಾ ಪೆನ್ನು ಎತ್ತಿದಳು. “ಲಾಳದವರೆಗೆ ಬರೆದುಕೊಂಡಿದ್ದೀನಿ, ಚೇರ್ಮನ್. ಇದನ್ನ ಯಾರ ಹೇಳಿಕೆ ಅಂತ ನಮೂದಿಸಲಿ?”

ಬ್ರದರ್ ರೋಮ್ನಿಯ ಮುಖ ಬೂದಿಯಾಗಿತ್ತು. ಸಾನ್ ಪೆದ್ರೋಗೆ ಕಾಲಿಟ್ಟವನೇ ಅಲ್ಲ ಎಂದು ಆತ ಹೇಳದ ಮನೆ ಈ ದ್ವೀಪದಲ್ಲಿರಲಿಲ್ಲ. ಷಡ್ಡಕ ಮೆಲ್ಲಗೆ ಕುರ್ಚಿಯನ್ನು ಆಚೆಗೆ ಸರಿಸಿಕೊಂಡ.

ಅಷ್ಟರಲ್ಲಿ ಯೂಟನ್ ಎದ್ದು ನಿಂತ. ಎದುರಿನವನ ಗುಟ್ಟು ರಟ್ಟಾಯಿತೆಂದು ಅವನ ತಲೆಗೆ ಹೊಳೆದಿರಲೇ ಇಲ್ಲ. ತನಗೆ ಬಾರದ ಉತ್ತರವನ್ನು ಯಾರೋ ಹೇಳಿಕೊಟ್ಟರು ಎಂದಷ್ಟೇ ಹೊಳೆದಿತ್ತು.

“ಅದೇ! ಅದೇ!” ಎಂದು ಕೂಗಿದ. “ಐಸ್ ಕಾರ್ಖಾನೆ! ನೀಲಿ ಬಾಗಿಲು! ನಂಗೆ ಬಾಯಿಗೆ ಬರಲಿಲ್ಲ ನೋಡಿ. ಬ್ರದರ್ ರೋಮ್ನಿಗೆ ಎಷ್ಟೋ ಸಲ ನಾನೇ ಹೇಳಿದ್ದೆ. ಪಾಪ, ಎಲ್ಲಾ ನೆನಪಿಟ್ಟುಕೊಂಡಿದ್ದಾರೆ!”

“ಹೌದು,” ಎಂದ ಬ್ರದರ್ ರೋಮ್ನಿ. ದನಿ ಗಾನವೃಂದದಲ್ಲಿ ಎಂದೂ ಇಳಿಯದ ತಗ್ಗಿಗೆ ಇಳಿದಿತ್ತು. “ಇವರೇ ಹೇಳಿದ್ದು. ಎಷ್ಟೋ ಸಲ. ಈ ಮನುಷ್ಯನಿಗೆ ಆ ಮನೆಯ ಸಂಪೂರ್ಣ ಪರಿಚಯವಿದೆ. ಪಿತೃತ್ವ ಸಾಬೀತಾಗಿದೆ. ಸೀಲು ಕೊಡಿ, ಡೆಲ್ಸಿಟಾ. ಬೇಗ ಕೊಡಿ.”

ಕಿಟಕಿಗಳಲ್ಲಿದ್ದವರಿಗೆ ಗೊತ್ತಾಗಲಿಲ್ಲವೇ? ಗೊತ್ತಾಗದೆ ಏನು, ಅವರೇನು ಕುರುಡರೇ. ಆದರೆ ಅವರಲ್ಲಿ ಅರ್ಧ ಜನ ಬ್ರದರ್ ರೋಮ್ನಿಯ ಹೊಲದ ಪಕ್ಕದವರು, ಇನ್ನರ್ಧ ಜನಕ್ಕೆ ತಮ್ಮದೇ ನೀಲಿ ಬಾಗಿಲುಗಳಿದ್ದವು. ಎಲ್ಲರೂ ಯೂಟನ್ ಪ್ರಾಕ್ಟರನಿಗೆ ಚಪ್ಪಾಳೆ ತಟ್ಟಿದರು. ಜೋರಾಗಿ, ಬಹಳ ಹೊತ್ತು ತಟ್ಟಿದರು.

ಯೂಟನ್ ‘ತಂದೆ’ ಎಂಬಲ್ಲಿ ನಾಲಿಗೆ ಕಚ್ಚಿ ಹಿಡಿದು ಸಹಿ ಹಾಕಿದ. ಬ್ರದರ್ ರೋಮ್ನಿ ಕೊನೆಗೆ ಹಾಕಿದ. ಅವಸರಕ್ಕೆ ಶಾಯಿ ಒಂದಿಷ್ಟು ಹರಡಿತು. ಯೋಕಾಸ್ತಾ ಕಾಗದ ತೆಗೆದುಕೊಂಡು, “ಥ್ಯಾಂಕ್ಯೂ, ಸರ್” ಎಂದಳು. ಆತ ಕಪ್ಪು ಕೋಟಿನ ಜೇಬುಗಳಲ್ಲಿ ಕನ್ನಡಕ ಹುಡುಕುತ್ತಿದ್ದ. ಕನ್ನಡಕ ಮೂಗಿನ ಮೇಲೇ ಇತ್ತು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಸುಡುತ್ತಿತ್ತು. ಯೋಕಾಸ್ತಾ ಅಲ್ಲೇ ಕೂತುಬಿಟ್ಟಳು. ಮಗಳನ್ನು ಶಾಲೆಯಿಂದ ಬಿಡಿಸಬೇಕಾಗಿಲ್ಲ, ಪೆಟ್ಟಿಗೆ ಬಿಚ್ಚಬಹುದು ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡಳು. ಆಮೇಲೆ ಕಾಗದವನ್ನು ಮಂಡಿಯ ಮೇಲೆ ಹರವಿ ಬೆರಳಿಟ್ಟು ನೋಡುತ್ತಾ ಅಳತೊಡಗಿದಳು.

“ಹನ್ನೆರಡು ವರ್ಷ ಕೇಳಿದೆ,” ಎಂದಳು. “ಕೊನೆಗೂ ಅಪ್ಪ ಸಹಿ ಹಾಕಿದ.”

“ಹಾಕದೇ ಇರ್ತೀನಾ?” ಯೂಟನ್ ಎದೆಯುಬ್ಬಿಸಿ ಪಕ್ಕದಲ್ಲಿ ಕೂತ. “ನನ್ನ ಸಹಿ ಅಂದರೆ ಅಂಚೆ ಕಚೇರಿಯವರೂ ಹೊಗಳ್ತಾರೆ. ಆ ‘ಪ್ರಾ’ ನೋಡು, ಹೇಗೆ ಬಿದ್ದಿದೆ.”

ಜಿಲ್ಫಾ ಬಗ್ಗಿ ನೋಡಿದಳು. ಯೋಕಾಸ್ತಾಳ ಬೆರಳು ಇದ್ದದ್ದು ಅದರ ಎರಡು ಗೆರೆ ಕೆಳಗೆ, ಶಾಯಿ ಹರಡಿದ ಕಡೆ, ‘ಅಧ್ಯಕ್ಷರು’ ಎಂದು ಅಚ್ಚಾಗಿದ್ದ ಜಾಗದಲ್ಲಿ.

“ಚೆನ್ನಾಗಿ ಬಿದ್ದಿದೆ,” ಎಂದಳು ಜಿಲ್ಫಾ. “ಎದ್ದೇಳು ಪ್ರಾಕ್ಟರ್, ಅವಳಿಗೆ ಸ್ವಲ್ಪ ನೆರಳಾಗಿ ನಿಲ್ಲು.”